ಥಿಯೋಬಾಲ್ಡ್ ಸ್ಮಿತ್: ದನ ಸಾಕುವವರ ಮಾತಿಗೆ ಕಿವಿಗೊಟ್ಟ ವಿಜ್ಞಾನಿ

ಮಹಾಪುರುಷರ ಜೀವನವನ್ನು ಕುರಿತು ಬರೆಯಬೇಕೆಂದು ಕುಳಿತಾಗ ರಾಜರು, ಸೇನಾನಿಗಳು, ಕವಿಗಳು ನಮ್ಮ ಕಣ್ಣಿಗೆ ಮೊದಲು ಬೀಳುತ್ತಾರೆ. ಹಸುವಿನ ಮೈಯಿಂದ ತೆಗೆದ ಒಂದು ಹನಿ ರಕ್ತವನ್ನು ನೋಡುತ್ತ ವರ್ಷಗಳನ್ನೇ ಕಳೆದವನೊಬ್ಬನನ್ನು ನಾನು ಆರಿಸಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದರಲ್ಲಿಯೂ ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸವನ್ನೂ ಕನ್ನಡವನ್ನೂ ಓದುತ್ತಿರುವ ಅಂತಿಮ ಬಿ.ಎ. ತರಗತಿಯವನು. ಆದರೆ ಈ ಮನುಷ್ಯನ ಹೆಸರು ನನಗೆ ಪುಸ್ತಕದ ಮೂಲಕ ಪರಿಚಯವಾದದ್ದಲ್ಲ. ನಮ್ಮ ಮನೆಯ ಕೊಟ್ಟಿಗೆಯ ಮೂಲಕ ಪರಿಚಯವಾದದ್ದು. ಆದುದರಿಂದ ಮೊದಲು ಆ ಕೊಟ್ಟಿಗೆಯ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿ, ಅನಂತರ ಆತನ ಚರಿತ್ರೆಗೆ ಬರುತ್ತೇನೆ. ವಾಚಕರು ಮನ್ನಿಸಬೇಕು.

ನಮ್ಮೂರು ಸವಳಂಗ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಊರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಮೆಕ್ಕೆಜೋಳದ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಕಾಲೇಜಿನ ಖರ್ಚು ತಿಂಗಳು ತಿಂಗಳೂ ಬರುತ್ತದೆ. ಹಾಲು ಹಾಕಿದರೆ ಡೇರಿಯ ಬಟವಾಡೆಯಿಂದ ಖರ್ಚು ನೀಗೀತೆಂದು ಅಪ್ಪ ಸಾಲ ಮಾಡಿ ಒಂದು ಸೀಮೆ ಹಸುವನ್ನು ತಂದರು. ಕೊಟ್ಟಿಗೆಯಲ್ಲಿ ಅದಾಗಲೇ ಎರಡು ನಾಟಿ ಹಸುಗಳಿದ್ದವು. ಅವುಗಳ ಕಿವಿಯಲ್ಲಿ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗುಗಳು ಎಂದಿನಿಂದಲೂ ಇದ್ದೇ ಇದ್ದವು. ಹೊಸ ಹಸುವನ್ನು ಹಳೆಯವುಗಳ ಜೊತೆ ಕಟ್ಟಬೇಡಿರೆಂದೂ, ದಿನವೂ ಮೈ ತಡವಿ ಉಣುಗು ಕಿತ್ತು ಕೆಂಡಕ್ಕೆ ಹಾಕಬೇಕೆಂದೂ, ಹೊರಗಿನಿಂದ ಬಂದ ದನ ನಮ್ಮ ಉಣುಗನ್ನು ತಾಳುವುದಿಲ್ಲವೆಂದೂ ಅಜ್ಜಿ ಹೇಳಿದಳು. ಆಗ ನಾನು ಮೊದಲನೆಯ ವರ್ಷದ ಬಿ.ಎ. ವಿದ್ಯಾರ್ಥಿ. ಉಣುಗು ಒಂದಿಷ್ಟು ರಕ್ತ ಕುಡಿಯುತ್ತದೆಯೇ ಹೊರತು ಇಷ್ಟು ದೊಡ್ಡ ಹಸುವನ್ನು ಏನು ಮಾಡೀತು, ಇದೆಲ್ಲ ಹಳೆಯ ಕಾಲದ ನಂಬಿಕೆ ಎಂದು ನಾನು ನಕ್ಕೆ. ಓದಿದವನ ಮಾತೆಂದು ಅಪ್ಪನೂ ಸುಮ್ಮನಾದರು. ಆ ಮಳೆಗಾಲದಲ್ಲಿ ಹಸುವಿಗೆ ವಿಪರೀತ ಜ್ವರ ಬಂತು; ಮೇವು ಬಿಟ್ಟಿತು; ಗಂಜಲವು ಕಾಫಿಯ ಬಣ್ಣಕ್ಕೆ ತಿರುಗಿತು; ಕಣ್ಣಿನ ಒಳರೆಪ್ಪೆ ಕಾಗದದಂತೆ ಬೆಳ್ಳಗಾಯಿತು. ಮಾಮೂಲಿ ಜ್ವರವೆಂದು ನಾವು ಎರಡು ದಿನ ಕಳೆದೆವು. ಮೂರನೆಯ ದಿನ ದನದ ಡಾಕ್ಟರು ಬಂದು ಕಿವಿಯ ನರದಿಂದ ಒಂದು ಹನಿ ರಕ್ತವನ್ನು ಗಾಜಿನ ತುಂಡಿನ ಮೇಲೆ ಎಳೆದುಕೊಂಡು, ಚುಚ್ಚುಮದ್ದು ಕೊಟ್ಟರು. ತಡವಾಗಿತ್ತು. ರಾತ್ರಿ ಕಳೆಯುವುದರೊಳಗೆ ಹಸು ಸತ್ತಿತು. ಪಕ್ಕದಲ್ಲಿದ್ದ ನಾಟಿ ಹಸುಗಳು ಏನೂ ಆಗದಂತೆ ಮೆಲುಕು ಹಾಕುತ್ತಿದ್ದವು.

ಕೆಲವು ದಿನಗಳ ಮೇಲೆ ಆ ಡಾಕ್ಟರು ನನ್ನನ್ನು ಕರೆದು, ಬಣ್ಣ ಕಟ್ಟಿದ ಆ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ದುಂಡಗಿನ ಕೆಂಪು ರಕ್ತಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಕಣದೊಳಗೆ, ಪೇರುಹಣ್ಣಿನ ಆಕಾರದ ಎರಡು ಚಿಕ್ಕ ಜೀವಿಗಳು ತುದಿಗೆ ತುದಿ ಸೇರಿಸಿಕೊಂಡು ಜೊತೆಯಾಗಿ ಕುಳಿತಿದ್ದವು. ಇವು ರಕ್ತದೊಳಗೆ ಬಾಳುವ ಪರೋಪಜೀವಿಗಳೆಂದೂ, ಉಣುಗೇ ಇವನ್ನು ತಂದು ಬಿಡುತ್ತದೆಂದೂ, ಇದನ್ನು ಮೊದಲು ಸಾಧಿಸಿ ತೋರಿಸಿದವನು ಥಿಯೋಬಾಲ್ಡ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಯೆಂದೂ ಅವರು ಹೇಳಿದರು. ಅಜ್ಜಿಯ ಮಾತು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಪ್ರಯೋಗದಿಂದ ಸಿದ್ಧಪಟ್ಟಿತ್ತು. ಓದಿದವನಾದ ನನಗೆ ಮಾತ್ರ ಅದು ತಿಳಿದಿರಲಿಲ್ಲ. ಅಂದಿನಿಂದ ಈತನ ಚರಿತ್ರೆಯನ್ನು ಹುಡುಕಿ ಹುಡುಕಿ ಓದಿದೆ.

ಥಿಯೋಬಾಲ್ಡ್ ಸ್ಮಿತ್ತನು 1859ನೆಯ ಜುಲೈ 31ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನಿಯಿಂದ ವಲಸೆ ಬಂದವರು. ತಂದೆ ಬಟ್ಟೆ ಹೊಲಿಯುವ ಕಸುಬಿನವನು. ಮನೆಯಲ್ಲಿ ಆಡುತ್ತಿದ್ದ ಭಾಷೆ ಜರ್ಮನ್. ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್. ಮನೆಯ ಮಾತೊಂದು, ವಿದ್ಯೆಯ ಮಾತೊಂದು ಆಗಿರುವ ಸ್ಥಿತಿಯು ನಮ್ಮಲ್ಲಿ ಅನೇಕರಿಗೆ ಹೊಸದಲ್ಲ. ಅದನ್ನು ಒಂದು ಕೊರತೆಯೆಂದು ನಾವು ಕೊರಗುವುದುಂಟು. ಸ್ಮಿತ್ತನಿಗೆ ಮನೆಯ ಭಾಷೆಯೇ ಮುಂದೆ ದೊಡ್ಡ ಬಂಡವಾಳವಾಯಿತು. ಆ ಕಾಲದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಹೊಸ ಹೊಸ ಸಂಗತಿಗಳನ್ನು ಜರ್ಮನಿಯ ರಾಬರ್ಟ್ ಕಾಖ್ ತನ್ನ ಭಾಷೆಯಲ್ಲಿಯೇ ಪ್ರಕಟಿಸುತ್ತಿದ್ದನು. ಅಮೆರಿಕದಲ್ಲಿ ಈ ಶಾಸ್ತ್ರವನ್ನು ಕಲಿಸುವವರೇ ವಿರಳವಾಗಿದ್ದಾಗ, ಸ್ಮಿತ್ತನು ಕಾಖ್‌ನ ಲೇಖನಗಳನ್ನು ಮೂಲದಲ್ಲಿಯೇ ಓದಿ, ಗುರುವಿಲ್ಲದೆ ವಿದ್ಯೆಯನ್ನು ಸಂಪಾದಿಸಿದನು.

ಹುಡುಗನಿಗೆ ಗಣಿತದಲ್ಲಿ, ಸಂಗೀತದಲ್ಲಿ ವಿಶೇಷ ಆಸಕ್ತಿ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಆರ್ಗನ್ ವಾದ್ಯವನ್ನು ನುಡಿಸಿ ತನ್ನ ಖರ್ಚಿನ ಒಂದು ಭಾಗವನ್ನು ತಾನೇ ಸಂಪಾದಿಸಿಕೊಂಡನು. ಅಲ್ಲಿ ಸೈಮನ್ ಗೇಜ್ ಎಂಬ ಉಪಾಧ್ಯಾಯನಿಂದ ಸೂಕ್ಷ್ಮದರ್ಶಕದ ಬಳಕೆಯನ್ನು ಕಲಿತನು. 1881ರಲ್ಲಿ ಪದವಿಯನ್ನೂ, 1883ರಲ್ಲಿ ಆಲ್ಬನಿಯ ವೈದ್ಯಕೀಯ ಕಾಲೇಜಿನಿಂದ ವೈದ್ಯ ಪದವಿಯನ್ನೂ ಪಡೆದನು. ಆದರೆ ರೋಗಿಗಳನ್ನು ನೋಡಿ ಹಣ ಗಳಿಸುವ ವೃತ್ತಿಯು ಆತನಿಗೆ ಹಿಡಿಸಲಿಲ್ಲ. ವಾಷಿಂಗ್‌ಟನ್ನಿನಲ್ಲಿ ಸರ್ಕಾರದ ಕೃಷಿ ಇಲಾಖೆಗೆ ಸೇರಿ, 1884ರಲ್ಲಿ ಸ್ಥಾಪಿತವಾದ ಪಶು ಇಲಾಖೆಯಲ್ಲಿ ಡೇನಿಯಲ್ ಸಾಲ್ಮನ್ ಎಂಬ ಮುಖ್ಯಾಧಿಕಾರಿಯ ಕೈಕೆಳಗೆ ಕೆಲಸಕ್ಕೆ ನಿಂತನು. ಮನುಷ್ಯರ ವೈದ್ಯನು ಹಂದಿ, ದನಗಳ ರೋಗವನ್ನು ಹುಡುಕಹೊರಟದ್ದು ಹೀಗೆ. ಹಂದಿಗಳ ರೋಗವನ್ನು ಪರೀಕ್ಷಿಸುತ್ತ ಆತನು ಕಂಡುಹಿಡಿದ ಒಂದು ಬ್ಯಾಕ್ಟೀರಿಯದ ಕುಲಕ್ಕೆ ಮುಂದೆ ಅಧಿಕಾರಿಯ ಹೆಸರಿನಿಂದ ಸಾಲ್ಮೊನೆಲ್ಲ ಎಂದು ನಾಮಕರಣವಾಯಿತು. ದುಡಿದವನೊಬ್ಬ, ಹೆಸರು ಇನ್ನೊಬ್ಬನದು.

ಇನ್ನು ಆತನ ಜೀವನದ ಮುಖ್ಯ ಕಾರ್ಯಕ್ಕೆ ಬರೋಣ. ಆ ಕಾಲದಲ್ಲಿ ಅಮೆರಿಕದ ದನಗಾರರನ್ನು ಟೆಕ್ಸಾಸ್ ಜ್ವರವೆಂಬ ರೋಗವು ಹಣ್ಣು ಮಾಡಿತ್ತು. ದಕ್ಷಿಣದ ಟೆಕ್ಸಾಸ್ ಮೊದಲಾದ ಪ್ರಾಂತಗಳಿಂದ ದನಗಳ ಮಂದೆಗಳನ್ನು ಉತ್ತರಕ್ಕೆ ಹೊಡೆದುಕೊಂಡು ಬರುತ್ತಿದ್ದರು. ಆ ದನಗಳು ಗಟ್ಟಿಮುಟ್ಟಾಗಿಯೇ ಇರುತ್ತಿದ್ದವು. ಆದರೆ ಅವು ಮೇದು ಹೋದ ಹುಲ್ಲುಗಾವಲಿನಲ್ಲಿ ತಿಂಗಳ ಮೇಲೆ ಉತ್ತರದ ದನಗಳು ಮೇದರೆ, ಜ್ವರ ಬಂದು, ಮೂತ್ರ ಕೆಂಪಾಗಿ, ಗುಂಪುಗುಂಪಾಗಿ ಸಾಯುತ್ತಿದ್ದವು. ತಂದ ದನಕ್ಕೆ ರೋಗವಿಲ್ಲ. ಅದನ್ನು ಮುಟ್ಟದೆ ಇದ್ದ ದನಕ್ಕೆ ಸಾವು! ಅದೇ ಉತ್ತರದ ದನಗಳನ್ನು ದಕ್ಷಿಣಕ್ಕೆ ಕೊಂಡುಹೋದರೂ ಅವು ಉಳಿಯುತ್ತಿರಲಿಲ್ಲ. ಚಳಿಗಾಲದಲ್ಲಿ ಮಾತ್ರ ಈ ಭಯವಿರಲಿಲ್ಲ. ಪಂಡಿತರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು: ದಕ್ಷಿಣದ ದನಗಳ ಜೊಲ್ಲಿನಲ್ಲಿ ವಿಷವಿದೆ, ಸೆಗಣಿಯಲ್ಲಿದೆ, ನೆಲದಲ್ಲಿದೆ. ದನ ಕಾಯುವವರು ಹೇಳುತ್ತಿದ್ದುದು ಒಂದೇ ಮಾತು: ಉಣುಗು ಇದ್ದಲ್ಲಿ ಈ ಜ್ವರ ಇರುತ್ತದೆ, ಉಣುಗು ಇಲ್ಲದಿದ್ದರೆ ಇಲ್ಲ. ಬಲ್ಲವರೆನಿಸಿಕೊಂಡವರಲ್ಲಿ ಬಹುಮಂದಿ ಇದನ್ನು ಕೇಳಿ ನಕ್ಕರು. ಅವರ ನಗೆಯನ್ನು ಓದಿದಾಗ ನನಗೆ ನನ್ನ ನಗೆಯೇ ನೆನಪಿಗೆ ಬಂತು.

ಸ್ಮಿತ್ತನು ನಗಲಿಲ್ಲ. ಹಾಗೆಂದು ದನಗಾರರ ಮಾತನ್ನು ಕಣ್ಣು ಮುಚ್ಚಿ ನಂಬಲೂ ಇಲ್ಲ. ವರ್ಷವರ್ಷವೂ ದನಗಳನ್ನು ಕಣ್ಣಾರೆ ಕಂಡವರ ಮಾತಿನಲ್ಲಿ ಏನೋ ಒಂದು ತಿರುಳಿರಬೇಕು, ಅದು ನಿಜವೋ ಸುಳ್ಳೋ ಎಂಬುದನ್ನು ದನಗಳ ನಡುವೆಯೇ ನಿಂತು ಪರೀಕ್ಷಿಸಬೇಕು ಎಂದು ನಿಶ್ಚಯಿಸಿದನು. ಈ ಕಾರ್ಯದಲ್ಲಿ ಆತನಿಗೆ ಎಫ್. ಎಲ್. ಕಿಲ್‌ಬೋರ್ನ್ ಎಂಬ ಪಶುವೈದ್ಯನೂ, ಉಣುಗಿನ ಜೀವನಕ್ರಮವನ್ನು ಅಭ್ಯಾಸ ಮಾಡಿದ ಕೂಪರ್ ಕರ್ಟಿಸ್ ಎಂಬವನೂ ಜೊತೆಗಿದ್ದರು. ಕರ್ಟಿಸ್‌ನ ಪಾಲಿಗೆ ಸಲ್ಲಬೇಕಾದಷ್ಟು ಕೀರ್ತಿಯು ಸಲ್ಲಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ.

1889ರ ಬೇಸಗೆಯಲ್ಲಿ ದಕ್ಷಿಣದ ನಾರ್ತ್ ಕೆರೊಲಿನದಿಂದ ಏಳು ದನಗಳನ್ನು ವಾಷಿಂಗ್‌ಟನ್ನಿನ ಸಮೀಪದ ಪ್ರಯೋಗಕ್ಷೇತ್ರಕ್ಕೆ ತರಿಸಿದರು. ಅವುಗಳ ಮೈಮೇಲೆ ಉಣುಗುಗಳು ತುಂಬಿದ್ದವು. ನಾಲ್ಕು ದನಗಳನ್ನು ಇದ್ದಂತೆಯೇ ಒಂದು ಬೇಲಿಯೊಳಗೆ ಉತ್ತರದ ದನಗಳೊಡನೆ ಬಿಟ್ಟರು. ಉಳಿದ ಮೂರರ ಮೈಯಿಂದ ಒಂದೊಂದು ಉಣುಗನ್ನೂ ಕೈಯಿಂದ ಆರಿಸಿ ಕಿತ್ತು, ಬೇರೆ ಬೇಲಿಯೊಳಗೆ ಉತ್ತರದ ದನಗಳೊಡನೆ ಬಿಟ್ಟರು. ಸುಡುಬಿಸಿಲಿನಲ್ಲಿ ಒದೆಯುವ ದನಗಳ ಮೈ ತಡವುತ್ತ, ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಗಳನ್ನು ಹುಡುಕಿ ಕೀಳುವುದು ಎಂತಹ ಕೆಲಸವೆಂಬುದನ್ನು ದನ ಸಾಕಿದವರು ಬಲ್ಲರು. ಮೂರನೆಯ ಬೇಲಿಯೊಳಗೆ ದಕ್ಷಿಣದ ದನಗಳನ್ನು ಬಿಡಲೇ ಇಲ್ಲ; ದಕ್ಷಿಣದಿಂದ ತಂದ ಉಣುಗುಗಳನ್ನು ಮಾತ್ರ ಹುಲ್ಲಿನ ಮೇಲೆ ಚೆಲ್ಲಿ, ಅಲ್ಲಿ ಉತ್ತರದ ದನಗಳನ್ನು ಮೇಯಿಸಿದರು. ಫಲವು ಸ್ಪಷ್ಟವಾಗಿತ್ತು. ಉಣುಗು ಇದ್ದ ಬೇಲಿಯ ಉತ್ತರದ ದನಗಳು ಜ್ವರದಿಂದ ಮಲಗಿದವು. ಉಣುಗು ಕಿತ್ತ ದನಗಳ ಜೊತೆಯವು ಆರೋಗ್ಯವಾಗಿದ್ದವು. ಉಣುಗು ಮಾತ್ರ ಇದ್ದ ಮೂರನೆಯ ಬೇಲಿಯಲ್ಲಿಯೂ ರೋಗ ಕಾಣಿಸಿತು.

ಇಷ್ಟಕ್ಕೇ ಆತನು ತೃಪ್ತನಾಗಲಿಲ್ಲ. ರೋಗ ಬಿದ್ದ ದನದ ಚರ್ಮವನ್ನು ಚುಚ್ಚಿ ದಿನದಿನವೂ ರಕ್ತವನ್ನು ತೆಗೆದು, ಕೆಂಪು ಕಣಗಳು ಎಷ್ಟಿವೆಯೆಂದು ಎಣಿಸುತ್ತ ಹೋದನು. ಕಣಗಳ ಸಂಖ್ಯೆಯು ದಿನದಿನಕ್ಕೆ ಇಳಿಯುತ್ತಿತ್ತು. ಒಡೆದ ಕಣಗಳ ಬಣ್ಣವೇ ಮೂತ್ರವನ್ನು ಕೆಂಪಾಗಿಸುತ್ತಿತ್ತು. ಉಳಿದ ಕಣಗಳೊಳಗೆ ಪೇರುಹಣ್ಣಿನ ಆಕಾರದ ಜೋಡಿ ಜೀವಿಗಳು ಕಂಡವು. ಸವಳಂಗದ ಹಸುವಿನ ರಕ್ತದಲ್ಲಿ ನಾನು ನೋಡಿದ್ದು ಈ ರೂಪವನ್ನೇ. 1888ರಲ್ಲಿಯೇ ರುಮೇನಿಯ ದೇಶದ ವಿಕ್ಟರ್ ಬಾಬೆಶ್ ಎಂಬ ವಿಜ್ಞಾನಿಯು ಅಲ್ಲಿನ ದನಗಳ ರಕ್ತದಲ್ಲಿ ಇಂತಹ ಜೀವಿಗಳನ್ನು ಕಂಡಿದ್ದನು. ಅವನ ಹೆಸರಿನಿಂದ ಇವಕ್ಕೆ ಇಂದು ಬಬೀಸಿಯ ಎಂದು ಹೆಸರು. ಆದರೆ ಅವು ರಕ್ತದೊಳಕ್ಕೆ ಹೇಗೆ ಬಂದವೆಂಬುದನ್ನು ಆತನು ಹೇಳಿರಲಿಲ್ಲ.

ಅದನ್ನು ಬಿಡಿಸಿದ್ದು ಸ್ಮಿತ್ತನ ಮುಂದಿನ ಪ್ರಯೋಗ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ನೆಲಕ್ಕೆ ಉದುರಿ, ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಆ ಮೊಟ್ಟೆಗಳನ್ನು ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಮರಿ ಮಾಡಿಸಿ, ಯಾವ ದನವನ್ನೂ ಇನ್ನೂ ಕಚ್ಚದ ಆ ಮರಿಗಳನ್ನು ಉತ್ತರದ ದನದ ಮೈಮೇಲೆ ಬಿಟ್ಟನು. ಅದಕ್ಕೂ ಟೆಕ್ಸಾಸ್ ಜ್ವರ ಬಂತು. ತಾಯಿ ಉಣುಗು ಕುಡಿದ ರಕ್ತದ ರೋಗಬೀಜವು ಮೊಟ್ಟೆಯ ಮೂಲಕ ಮರಿಗೆ ಬಂದಿತ್ತು! ದಕ್ಷಿಣದ ದನ ಹೋಗಿ ತಿಂಗಳು ಕಳೆದ ಮೇಲೆ ಅದೇ ಹುಲ್ಲುಗಾವಲಿನಲ್ಲಿ ರೋಗ ಏಳುತ್ತಿದ್ದುದೇಕೆ, ಚಳಿಗಾಲದಲ್ಲಿ ಏಳದಿದ್ದುದೇಕೆ ಎಂಬ ಎಲ್ಲ ಒಗಟುಗಳೂ ಒಂದೇ ಸಲ ಬಿಡಿಸಿಕೊಂಡವು. ಮೊಟ್ಟೆ ಒಡೆದು ಮರಿ ಹೊರಡುವವರೆಗೆ ನೆಲವು ಸುಮ್ಮನೆ ಕಾಯುತ್ತಿತ್ತು.

ಇನ್ನೊಂದು ಸಂಗತಿಯು ನಮ್ಮಂಥ ಹಾಲಿನ ದನ ಕಟ್ಟಿದವರಿಗೆ ಎಲ್ಲಕ್ಕಿಂತ ಮುಖ್ಯವಾದುದು. ನೋಡಲು ಆರೋಗ್ಯವಾಗಿದ್ದ ದಕ್ಷಿಣದ ದನದ ರಕ್ತವನ್ನು ತೆಗೆದು ಉತ್ತರದ ದನಕ್ಕೆ ಚುಚ್ಚಿದಾಗ ಅದಕ್ಕೆ ಜ್ವರ ಬಂತು. ಅಂದರೆ, ಕರುವಾಗಿದ್ದಾಗಲೇ ರೋಗವನ್ನು ಅಷ್ಟಿಷ್ಟು ಉಂಡು ಗೆದ್ದ ದನವು ಆ ಪರೋಪಜೀವಿಯನ್ನು ತನ್ನ ರಕ್ತದಲ್ಲಿ ಇಟ್ಟುಕೊಂಡೇ ಸುಖವಾಗಿ ಬಾಳಬಲ್ಲುದು. ಅದರಿಂದ ಉಣುಗಿಗೆ, ಉಣುಗಿನಿಂದ ಹೊಸ ದನಕ್ಕೆ ಅದು ದಾಟಬಲ್ಲುದು. ನಮ್ಮ ನಾಟಿ ಹಸುಗಳು ಮೆಲುಕು ಹಾಕುತ್ತಿದ್ದುದರ ಅರ್ಥ ನನಗೆ ಆಗ ಹೊಳೆಯಿತು. ಅಮೆರಿಕದ ದಕ್ಷಿಣವೂ ಉತ್ತರವೂ ನಮ್ಮ ಒಂದೇ ಕೊಟ್ಟಿಗೆಯಲ್ಲಿ ಅಕ್ಕಪಕ್ಕದ ಗೂಟಗಳಿಗೆ ಕಟ್ಟಿಸಿಕೊಂಡಿದ್ದವು. ಮಂದೆಯಲ್ಲಿ ಕಾಯಿಲೆ ಬಿದ್ದ ಹಸುವನ್ನು ಗುರುತಿಸುವುದು ಸುಲಭ. ಕಾಯಿಲೆಯಿಲ್ಲದೆ ಬೀಜ ಹೊತ್ತ ಹಸುವನ್ನು ಗುರುತಿಸುವುದು ಕಷ್ಟ. ಅಂತಹ ಹಸುವಿನ ರಕ್ತದಲ್ಲಿ ಪರೋಪಜೀವಿಗಳು ಎಷ್ಟು ವಿರಳವೆಂದರೆ ಸೂಕ್ಷ್ಮದರ್ಶಕಕ್ಕೂ ಅನೇಕ ವೇಳೆ ಸಿಕ್ಕುವುದಿಲ್ಲ. ಈಗ ರಕ್ತದಲ್ಲಿರುವ ಪರೋಪಜೀವಿಯ ವಂಶವಾಹಿಯ ತುಣುಕನ್ನೇ ಪತ್ತೆ ಹಚ್ಚುವ ಪಿ.ಸಿ.ಆರ್. ಎಂಬ ಪರೀಕ್ಷೆಯು ಬಂದಿದೆ. ಹಸುವಿನ ಒಂದು ಹನಿ ರಕ್ತದಲ್ಲಿಯೇ ಉತ್ತರವಿದೆಯೆಂಬ ದಾರಿಯನ್ನು ತೋರಿಸಿದವರಲ್ಲಿ ಸ್ಮಿತ್ತನು ಮೊದಲಿಗನು.

ನಾಲ್ಕು ಬೇಸಗೆಗಳ ದುಡಿಮೆಯ ಫಲವನ್ನು ಸ್ಮಿತ್ತನೂ ಕಿಲ್‌ಬೋರ್ನನೂ 1893ರಲ್ಲಿ ಸುಮಾರು 300 ಪುಟಗಳ ವರದಿಯಾಗಿ ಪ್ರಕಟಿಸಿದರು. ರಕ್ತ ಹೀರುವ ಕ್ಷುದ್ರಜೀವಿಯೊಂದು ರೋಗವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುತ್ತದೆಂಬುದನ್ನು ಪ್ರಯೋಗದಿಂದ ಪೂರ್ಣವಾಗಿ ಸ್ಥಾಪಿಸಿದ ಮೊದಲ ಗ್ರಂಥವಿದು. ಇದಕ್ಕೆ ಮುಂಚೆ, 1880ರಲ್ಲಿ, ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಸರ್ರಾ ರೋಗ ಹಿಡಿದ ಕುದುರೆ ಒಂಟೆಗಳ ರಕ್ತದಲ್ಲಿ ಪರೋಪಜೀವಿಯನ್ನು ಕಂಡಿದ್ದನು. ಇದಾದ ಮೇಲೆ, 1897ರಲ್ಲಿ, ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್‌ನು ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡನು. 1957ರಲ್ಲಿ ನಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯು ಉಣುಗಿನಿಂದ ಹರಡುವ ವೈರಸ್ಸಿನ ರೋಗ. ಅದರ ಜಾಡು ಹಿಡಿದವರು ಉಣುಗನ್ನು ಅನುಮಾನಿಸಿದ್ದಕ್ಕೂ ಅರವತ್ತು ವರ್ಷಗಳ ಹಿಂದಿನ ಈ ಕೆಲಸವೇ ಅಡಿಪಾಯ.

1895ರಲ್ಲಿ ಸ್ಮಿತ್ತನು ವಾಷಿಂಗ್‌ಟನ್ನನ್ನು ಬಿಟ್ಟು ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಹೋದನು. ಅಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿ, ಗಂಟಲಮಾರಿಯ ಪ್ರತಿವಿಷವನ್ನೂ ಸಿಡುಬಿನ ಲಸಿಕೆಯನ್ನೂ ತಯಾರಿಸುವ ಕಾರ್ಯದ ಮೇಲ್ವಿಚಾರಕನಾಗಿ ಇಪ್ಪತ್ತು ವರ್ಷ ದುಡಿದನು. ಮನುಷ್ಯರ ಕ್ಷಯದ ಬೀಜಕ್ಕೂ ದನಗಳ ಕ್ಷಯದ ಬೀಜಕ್ಕೂ ಭೇದವಿದೆಯೆಂದು 1898ರಲ್ಲಿ ತೋರಿಸಿದ್ದೂ ಆತನೇ. 1915ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ರಾಕ್‌ಫೆಲರ್ ಸಂಸ್ಥೆಯ ಪ್ರಾಣಿರೋಗ ವಿಭಾಗದ ಮುಖ್ಯಸ್ಥನಾಗಿ, 1929ರಲ್ಲಿ ನಿವೃತ್ತನಾದನು. ಆತನು ಮಿತಭಾಷಿ, ಸಂಕೋಚದ ಸ್ವಭಾವದವನು. ಸಭೆ ಸಮಾರಂಭಗಳಿಂದ ದೂರವಿದ್ದವನು. ನೊಬೆಲ್ ಪಾರಿತೋಷಕಕ್ಕೆ ಹಲವು ಸಲ ಹೆಸರು ಸೂಚಿತವಾದರೂ ಅದು ಆತನಿಗೆ ದೊರೆಯಲಿಲ್ಲ. 1933ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. 1934ನೆಯ ಡಿಸೆಂಬರ್ 10ರಂದು ತನ್ನ 75ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು.

ಆತನ ಕೆಲಸ ಮಾತ್ರ ನಿಲ್ಲಲಿಲ್ಲ. 1906ರಲ್ಲಿ ಅಮೆರಿಕ ಸರ್ಕಾರವು ಉಣುಗನ್ನು ನಿರ್ಮೂಲ ಮಾಡುವ ಕಾರ್ಯವನ್ನು ಕೈಗೊಂಡು, ಔಷಧದ ತೊಟ್ಟಿಗಳಲ್ಲಿ ದನಗಳನ್ನು ಮುಳುಗಿಸಿ ತೆಗೆಯಿತು. 1943ರ ಹೊತ್ತಿಗೆ ಮೆಕ್ಸಿಕೊ ಗಡಿಯ ಒಂದು ಪಟ್ಟಿಯನ್ನುಳಿದು ಇಡೀ ದೇಶದಿಂದ ಆ ಉಣುಗು ತೊಲಗಿತು. ನಮ್ಮ ದೇಶದಲ್ಲಿ ಹಾಗಾಗಿಲ್ಲ. ಇಲ್ಲಿ ಬಬೀಸಿಯದ ಜೊತೆಗೆ, ಬೇರೆ ಜಾತಿಯ ಉಣುಗಿನಿಂದ ಬರುವ ಥೈಲೀರಿಯ ಎಂಬ ಇನ್ನೊಂದು ರಕ್ತದ ಪರೋಪಜೀವಿಯೂ ಸೀಮೆ ಹಸುಗಳಿಗೆ ಪ್ರಬಲ ಶತ್ರು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದಲೇ ಜ್ವರ ಬಂದ ಮೊದಲ ದಿನವೇ ರಕ್ತವನ್ನು ಪರೀಕ್ಷೆ ಮಾಡಿಸುವುದು ಅಷ್ಟು ಮುಖ್ಯ. ನಾವು ಕಳೆದ ಆ ಎರಡು ದಿನಗಳು ಈಗಲೂ ನನ್ನನ್ನು ಚುಚ್ಚುತ್ತವೆ.

ಸತ್ತ ಹಸು ಒಂದು ಹೆಣ್ಣು ಕರುವನ್ನು ಬಿಟ್ಟು ಹೋಗಿತ್ತು. ಅವ್ವ ಅದನ್ನು ಬೇರೆ ಹಾಲು ಕುಡಿಸಿ ಬದುಕಿಸಿದಳು. ಈಗ ಅದು ಕಡಸಾಗಿದೆ. ಹಸುವಿನ ಸಾಲವು ಇನ್ನೂ ಪೂರ್ತಿ ತೀರಿಲ್ಲ. ರಜಕ್ಕೆ ಊರಿಗೆ ಹೋದಾಗ ಬೆಳಗ್ಗೆ ಎದ್ದು ಆ ಕಡಸಿನ ಮೈ ತಡವಿ ಉಣುಗು ತೆಗೆಯುವುದು ನನ್ನ ಪಾಲಿನ ಕೆಲಸ. ಅಜ್ಜಿ ಜಗಲಿಯ ಮೇಲೆ ಕುಳಿತು, ಕಿವಿಯ ಒಳಗೆ ನೋಡು, ಬಾಲದ ಕೆಳಗೆ ನೋಡು ಎಂದು ಹೇಳುತ್ತಿರುತ್ತಾಳೆ. ನಾಟಿ ಹಸುವಿನ ರಕ್ತದಲ್ಲಿಯೂ ರೋಗದ ಬೀಜವಿರಬಹುದೆಂದು ನಾನು ಸ್ಮಿತ್ತನ ಪ್ರಯೋಗವನ್ನು ಅವಳಿಗೆ ವಿವರಿಸಿದಾಗ ಅವಳು ಆಶ್ಚರ್ಯಪಟ್ಟಳು. ಅದು ಅವಳಿಗೂ ತಿಳಿಯದ ಸಂಗತಿಯಾಗಿತ್ತು. ಅವಳು ಕಂಡದ್ದು ಉಣುಗನ್ನು, ಸ್ಮಿತ್ತನು ಕಂಡದ್ದು ಉಣುಗಿನ ಹಿಂದಿರುವುದನ್ನು. ಎರಡೂ ಸೇರಿದಾಗಲೇ ಹಸು ಉಳಿಯುವುದು.

ಈ ವರ್ಷ ನಮ್ಮಲ್ಲಿ ಬಹುಮಂದಿ ಪದವಿಯನ್ನು ಪಡೆದು ನಮ್ಮ ನಮ್ಮ ಊರುಗಳಿಗೆ ಹಿಂದಿರುಗುತ್ತೇವೆ. ನಮ್ಮ ಮನೆಗಳಲ್ಲಿ ಓದಿದವನ ಮಾತೆಂದು ನಮ್ಮ ಮಾತಿಗೆ ಒಂದು ಬೆಲೆ ಬಂದೇ ಬರುತ್ತದೆ. ಆ ಬೆಲೆ ಎಷ್ಟು ಅಪಾಯದ್ದೆಂಬುದನ್ನು ಒಂದು ಹಸುವನ್ನು ಕಳೆದುಕೊಂಡು ನಾನು ಕಲಿತೆ. ಹಿರಿಯರ ಮಾತನ್ನೆಲ್ಲ ನಂಬಬೇಕೆಂದು ನಾನು ಹೇಳುತ್ತಿಲ್ಲ, ಸ್ಮಿತ್ತನೂ ನಂಬಲಿಲ್ಲ. ನಗುವ ಮುಂಚೆ ಪರೀಕ್ಷಿಸಿ ನೋಡಿದನು, ಅಷ್ಟೆ. ನಮ್ಮ ಪದವಿಯು ನಮಗೆ ಅಷ್ಟನ್ನಾದರೂ ಕಲಿಸಲಿ.